ಒಂದೇ ಚರಿಗಿ ನೀರು

ನಮ್ಮ ಮನೆತನದಲ್ಲಿ ಅಕ್ಷರದ ಮುಖ ಕಂಡವನು ನಾನೇ ಮೊದಲಿಗ. ಬಿ.ಎ. ಅಂತೂ ನಮ್ಮೂರಿಗೇ ಮೊದಲನೆಯದು. ಇದನ್ನು ಹೋದಲ್ಲೆಲ್ಲ ಹೇಳಿಕೊಳ್ಳುತ್ತೇನೆ, ಅದರಲ್ಲಿ ಸಂಕೋಚವೇನೂ ಇಲ್ಲ. ಕೊಪ್ಪಳದಲ್ಲಿ ಕಂಡವರ ಕಟ್ಟೆಯ ಮೇಲೆ ಮಲಗಿ, ಒಣಗಿದ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿಂದು, ಮನೆಯಲ್ಲಿ ಯಾರಿಗೂ ತಿಳಿಯದ ಉರ್ದುವಿನಲ್ಲಿ ಲೆಕ್ಕವನ್ನೂ ಚರಿತ್ರೆಯನ್ನೂ ಬಾಯಿಪಾಠ ಮಾಡಿ, ಆಮೇಲೆ ಹೈದರಾಬಾದಿಗೆ ಹೋಗಿ ದಕ್ಕಿಸಿಕೊಂಡದ್ದು ಅದು. ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಅಷ್ಟೆಲ್ಲ ಓದಿದರೂ ನಮ್ಮಪ್ಪ ಕಪಲಿ ಹೊಡೆಯುವಾಗ ಹಾಡುತ್ತಿದ್ದ ಒಂದು ಸಣ್ಣ ಹಾಡಿನ ಅರ್ಥ ಇಂಥದ್ದೇ ಎಂದು ಎದೆ ತಟ್ಟಿ ಹೇಳುವುದು ಇವತ್ತಿಗೂ ನನ್ನಿಂದ ಆಗಿಲ್ಲ.

ನಮ್ಮೂರು ಗಂಗಾವತಿಯಿಂದ ಕನಕಗಿರಿಗೆ ಹೋಗುವ ಹಾದಿಯ ಪಕ್ಕಕ್ಕಿತ್ತು. ಅಪ್ಪ ಗೌಡರ ತೋಟದ ಬಾವಿಯಲ್ಲಿ ಕಪಲಿಯ ಆಳು. ಈಗಿನವರು ಕಪಲಿ ನೋಡಿರಲಿಕ್ಕಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಹಗ್ಗ ಎಳೆದು ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರು ಕಾಲುವೆಗೆ ಬಿದ್ದ ಮೇಲೆ ಅದೇ ಎತ್ತುಗಳು ಹಿಂದು ಹಿಂದಕ್ಕೇ ಹೆಜ್ಜೆ ಹಾಕುತ್ತ ಬಾವಿಯ ದಂಡೆಗೆ ಬರಬೇಕು. ಹಿಂದಕ್ಕೆ ನಡೆಯುವುದು ದನಕ್ಕೂ ಕಷ್ಟ. ಅದಕ್ಕೇ ಹಾಡು ಬೇಕು. ಅಪ್ಪ ಇಳಿಜಾರಿನಲ್ಲಿ ಹಗ್ಗದ ಮೇಲೆ ಕುಂತು ಒಂದು ಸಾಲು ಹಾಡುತ್ತಿದ್ದ. ಬಾವಿಯ ಬಾಯಿಯ ಹತ್ತಿರ ಚೀಲ ಸುರುವಲು ನಿಂತ ನಮ್ಮಣ್ಣ ಮುಂದಿನ ಸಾಲು ಎತ್ತುತ್ತಿದ್ದ. ಅಣ್ಣನ ಸಾಲು ಕೇಳಿದ ಕೂಡಲೇ ಎತ್ತುಗಳು ಹಿಂದಕ್ಕೆ ಕಾಲು ತೆಗೆಯುತ್ತಿದ್ದವು.

ಹಾಡು ಅಪ್ಪನ ಅಜ್ಜ ಕಟ್ಟಿದ್ದಂತೆ. ಬೇರೆ ಯಾರೂ ಹಾಡಿದ್ದು ನಾನು ಕೇಳಿಲ್ಲ.

ಅಪ್ಪ ಮುಂದ ನಡದಾನ, ಮಗ ಹಿಂದ ಬಂದಾನ
ಹಳ್ಳದ ಮಳಲಾಗ ಹೆಜ್ಜಿ ಒಂದೇ ಸಾಲು
ಕೇಳಬ್ಯಾಡ ಯಾರ ಹೆಜ್ಜೆಂತ

ಹೊತ್ತು ನೆತ್ತಿಗೆ ಬಂತು, ನೆರಳು ಕಾಲಡಿ ನಿಂತು
ಇಬ್ಬರ ಮಾತೆಲ್ಲ ಒಬ್ಬಾಂವ ಆಡ್ಯಾನ
ತಿರುಗಿ ನೋಡಬ್ಯಾಡ ಹಾದ್ಯಾಗ

ಬಾಗಿಲದಾಗ ನಿಂತಾಳ, ಕಾಲಿಗೆ ನೀರ ತಂದಾಳ
ಒಂದೇ ಚರಿಗಿ ನೀರು, ಒಂದೇ ಜೋಡಿ ಪಾದ
ಒಳಗ ಬಂದವರು ಇಬ್ಬರು

ಸಣ್ಣವನಿದ್ದಾಗ ನಾನು ಕೇಳಿದ್ದೆ, "ಯಪ್ಪಾ, ಇಬ್ಬರು ನಡದ್ರ ಹೆಜ್ಜಿ ಒಂದೇ ಸಾಲು ಹೆಂಗ ಬೀಳತೈತಿ?"

"ಬಿಸಲಾಗ ಹಳ್ಳದ ಮಳಲು ಸುಡ್ತೈತಲ್ಲೋ ಹುಚ್ಚಾ. ಹುಡುಗ ಅಪ್ಪನ ಹೆಜ್ಜ್ಯಾಗ ಹೆಜ್ಜಿ ಇಟಗೊಂತ ಬರ್ತಾನ. ನೀ ಬರಂಗಿಲ್ಲೇನು?"

ಅದು ಖರೆ. ನಾವೂ ಹಾಗೇ ನಡೆಯುತ್ತಿದ್ದೆವು. ಅಪ್ಪನ ಹೆಜ್ಜೆ ಗುರುತು ಹಿಡಿಯುವುದು ಸುಲಭ, ಅವನ ಎಡಗಾಲಿಗೆ ಕಿರುಬೆರಳಿರಲಿಲ್ಲ. ಪ್ರಾಯದಲ್ಲಿ ನೇಗಿಲಿನ ಕುಳ ತಾಗಿ ಹೋಗಿತ್ತು. ಬುತ್ತಿ ಒಯ್ಯುವಾಗ ನಾಲ್ಕು ಬೆರಳಿನ ಹೆಜ್ಜೆ ಹಿಡಿದು ಹೋದರೆ ಅಪ್ಪ ಸಿಗುತ್ತಿದ್ದ.

ಅವ್ವ ಮಾತ್ರ ಆ ಅರ್ಥ ಒಪ್ಪುತ್ತಿರಲಿಲ್ಲ. "ನಡಕೊಂಡು ಎಲ್ಲಿ ಬಂದಾನ? ಹುಡುಗನ್ನ ಹೆಗಲಮ್ಯಾಲ ಹೊತಗೊಂಡು ಬಂದಾನ ಅಂವ. ಅದಕ್ಕ ಒಂದೇ ಜೋಡಿ ಪಾದ. ನನ್ನ ಮುಂದ ಆ ಹಾಡು ಹಾಡಬ್ಯಾಡ ನೀನು," ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಹೊತ್ತುಕೊಂಡು ಬಂದ ಹುಡುಗ ಜೀವಂತ ಇದ್ದನೋ ಇಲ್ಲವೋ ಎಂದು ಅವಳನ್ನು ಕೇಳುವ ಧೈರ್ಯ ನನಗಾಗಲಿಲ್ಲ. ನನಗಿಂತ ಮೊದಲು ಹುಟ್ಟಿ ಹೋದ ಕೂಸುಗಳಿದ್ದವು.

ನಾನು ಕೊಪ್ಪಳದ ಸಾಲಿಯಲ್ಲಿದ್ದಾಗ ಅಣ್ಣನ ಮದುವೆಯಾಯಿತು. ಅತ್ತಿಗಿ ಕುಷ್ಟಗಿ ಕಡೆಯವಳು, ಮಾತು ಕಡಿಮೆ. ಮದುವೆಯಾದ ಹೊಸತರಲ್ಲೇ ಅಣ್ಣ, "ನಾ ಜನುಮಪೂರ್ತಿ ಎತ್ತಿನಂಗ ಹಿಂದ ಹಿಂದಕ್ಕ ನಡಿಯಾಂವ ಅಲ್ಲ. ಬಳ್ಳಾರಿಗೆ ಹೋಗ್ತೀನಿ," ಎಂದು ಮಾತು ತೆಗೆದಿದ್ದ. ಅಪ್ಪ ಸಿಟ್ಟಾಗಿದ್ದ. ಆ ಬೇಸಿಗೆ ಮುಗಿದು ಹೊಳೆಗೆ ಹೊಸ ನೀರು ಬರುವ ಹೊತ್ತಿಗೆ ಗೌಡರು ತೋಟಕ್ಕೆ ಬಾಳೆಯ ಕಂದು ತರಲು ಇಬ್ಬರನ್ನೂ ಹೊಳೆಯಾಚೆಗೆ ಕಳಿಸಿದರು. ಆಚೆ ದಂಡೆ ಅಂದರೆ ಇಂಗ್ಲಿಷರ ಸೀಮೆ, ಈಚೆ ನಿಜಾಮರದು. ಕಂದು ಹೇರಿಕೊಂಡು ತಿರುಗಿ ಆನೆಗೊಂದಿಗೆ ಬರುವಾಗ, ಮಟಮಟ ಮಧ್ಯಾಹ್ನ, ಅವರಿದ್ದ ಹರಗೋಲು ಸುಳಿಗೆ ಸಿಕ್ಕು ಬಂಡೆಗೆ ಬಡಿದು ಮಗುಚಿತು.

ಹರಗೋಲು ಹಾಕುವವನು ಈಜಿ ಪಾರಾದ. ಅಪ್ಪ ಎಲ್ಲಿಯೋ ಕೆಳಗೆ ಒಂದು ಹಾಸುಗಲ್ಲಿಗೆ ಹತ್ತಿದ. ಅಣ್ಣ ಸಿಗಲಿಲ್ಲ. ಬೆಸ್ತರು ಮುಳುಗಿ ಹುಡುಕಿದರು, ಬಂಡೆಗಳ ಸಂದಿಯಲ್ಲಿ ಗಳ ಹಾಕಿ ನೋಡಿದರು. ಬಾಳೆಯ ಕಂದುಗಳು ಮಾತ್ರ ತೇಲಿ ದಂಡೆಗೆ ಬಂದವು.

ಆ ಮಧ್ಯಾಹ್ನದ ಬಗ್ಗೆ ಯಾರು ಕೇಳಿದರೂ ಅಪ್ಪ ಒಂದೇ ಮಾತು ಹೇಳುತ್ತಿದ್ದ. ತಾನು ಹಾಸುಗಲ್ಲಿಗೆ ಹತ್ತಿ ಬೋರಲು ಬಿದ್ದಿದ್ದನಂತೆ. ಕಣ್ಣು ತೆಗೆದಾಗ ಮುಂದೆ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನೀರಿನಿಂದ ಎದ್ದು ದಂಡೆಯ ಕಡೆಗೆ ಹೋದ ಹೆಜ್ಜೆಗಳು. ಕಲ್ಲು ಕಾದಿತ್ತು. ಅವನು ನೋಡುನೋಡುತ್ತಿದ್ದಂತೆ ಒಂದೊಂದೇ ಆರಿದವು, ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಕೊನೆಗೆ ಬೆರಳು. "ಐದೂ ಬೆರಳು ಮೂಡಿದ್ವು. ನನ್ನ ಹೆಜ್ಜಿ ನನಗ ಗೊತ್ತಿಲ್ಲೇನು? ಅವು ಅವನ್ವು. ಎದ್ದು ಹೋಗ್ಯಾನ. ಬಳ್ಳಾರಿಗೆ ಹೋಗ್ಯಾನ."

ಆಗ ನನಗೂ ಅದನ್ನು ನಂಬಬೇಕು ಅನ್ನಿಸಿತ್ತು. ನಂಬಿದೆ ಕೂಡ, ಒಂದೆರಡು ವರ್ಷ.

ಅಪ್ಪ ಮತ್ತೆ ಕಪಲಿಗೆ ಹೋದ. ಬಾವಿಯ ಹತ್ತಿರ ಚೀಲ ಸುರುವಲು ಗೌಡರು ಒಬ್ಬ ಮೂಗನನ್ನು ಇಟ್ಟರು. ಅಪ್ಪ ತನ್ನ ಸಾಲು ಹಾಡಿ ಸುಮ್ಮನಾಗುತ್ತಿದ್ದ. ಅಣ್ಣನ ಸಾಲು ಬರಬೇಕಾದ ಹೊತ್ತಿನಷ್ಟು ತಡೆದು ಮುಂದಿನದನ್ನು ಎತ್ತುತ್ತಿದ್ದ. ರಜಕ್ಕೆ ಬಂದಾಗ ಒಂದು ಮಧ್ಯಾಹ್ನ ನಾನು ಬುತ್ತಿ ಒಯ್ದು ಬೇವಿನ ಕೆಳಗೆ ನಿಂತು ನೋಡಿದೆ. ಆ ಖಾಲಿ ಜಾಗ ಬಂದ ಕೂಡಲೇ ಎತ್ತುಗಳು ಕಿವಿ ನಿಮಿರಿಸಿ, ಯಾರೋ ಕರೆದ ಹಾಗೆ, ತಾವಾಗಿಯೇ ಹಿಂದಕ್ಕೆ ಹೆಜ್ಜೆ ಹಾಕಿದವು. ಮೂಗ ನನ್ನ ಮುಖ ನೋಡಿದ. ಬುತ್ತಿ ಅಲ್ಲೇ ಇಟ್ಟು, ಮಾತಾಡಿಸದೆ ಮನೆಗೆ ಬಂದೆ.

ಹೀಗೆ ವರ್ಷ ಉರುಳಿದವು. ಅತ್ತಿಗಿ ಕುಂಕುಮ ಅಳಿಸಲಿಲ್ಲ, ಅಪ್ಪ ಅಳಿಸಗೊಡಲಿಲ್ಲ. ಹೊತ್ತು ಮುಳುಗುವ ಮುಂಚೆ ಅವಳು ಹೊಸ್ತಿಲಿಗೆ ಬಂದು ಹಳ್ಳದ ಕಡೆಯ ಹಾದಿ ನೋಡಿ ಒಳಗೆ ಹೋಗುತ್ತಿದ್ದಳು. ಕಾಯುವುದೂ ಒಂದು ಮನೆಗೆಲಸವಾಗಿತ್ತು.

ನಾನು ಬಿ.ಎ. ಪಾಸಾಗಿ ಊರಿಗೆ ಬಂದ ವರ್ಷ, ನಿಜಾಮರ ಕೊನೆಗಾಲದ ಗಲಾಟೆಯ ದಿನಗಳಿಗೆ ಇನ್ನೂ ಮುಂಚೆ, ಕನಕಗಿರಿಯಿಂದ ಒಂದು ಮನೆತನದವರು ಅತ್ತಿಗಿಯನ್ನು ಕೇಳಿಕೊಂಡು ಬಂದರು. ಗಂಡ ಸತ್ತವಳಿಗೆ ಇನ್ನೊಬ್ಬನ ಹೆಸರಿನಲ್ಲಿ ಸೀರೆ ಉಡಿಸಿ ಕಳಿಸುವ ಉಡಿಕಿ ನಮ್ಮಲ್ಲಿ ಮೊದಲಿನಿಂದ ಉಂಟು. ವರ ಹೆಂಡತಿ ಸತ್ತವನು, ಕುಡಿತ ಇಲ್ಲ, ಎರಡೆತ್ತಿನ ಕಮತ. ಬೇರೇನೂ ಬೇಕಿರಲಿಲ್ಲ, ಮಗ ಸತ್ತಿದ್ದಾನೆ ಎಂದು ಅಪ್ಪ ಹಿರಿಯರ ಮುಂದೆ ಒಂದು ಮಾತು ಹೇಳಬೇಕಿತ್ತು. ಹೇಳದಿದ್ದರೆ ಅವಳು ಇದ್ದೂ ಇಲ್ಲದ ಗಂಡನ ಹೆಂಡತಿಯಾಗಿ ಆ ಹೊಸ್ತಿಲಲ್ಲೇ ಮುದುಕಿಯಾಗಬೇಕು.

ಹಿರಿಯರು ನಮ್ಮ ಮನೆಯ ಮುಂದಿನ ಕಟ್ಟೆಗೇ ಬಂದು ಕೂತರು. ಹೊತ್ತು ಇಳಿಯುತ್ತಿತ್ತು. ಅತ್ತಿಗಿ ಬಾಗಿಲ ಒಳಮಗ್ಗಲು ನಿಂತಿದ್ದಳು.

"ನೋಡಪಾ," ಅಂದರು ಎಲ್ಲರಿಗಿಂತ ದೊಡ್ಡವರು. "ಹುಡಿಗಿ ಎಷ್ಟಂತ ಹಾದಿ ನೋಡ್ತಾಳ? ಕನಕಗಿರಿ ಮಂದಿ ಛಲೋ ಅದಾರ. ಮಗ ಇಲ್ಲ ಅಂತ ಒಂದು ಮಾತು ಅನ್ನು."

"ಇಲ್ಲ ಅಂತ ಹೆಂಗ ಅನ್ಲಿರಿ? ಕಲ್ಲ ಮ್ಯಾಲ ಹೆಜ್ಜಿ ನೋಡೀನಿ."

"ಅವು ಆರಿ ಯಾವ ಕಾಲಾತೋ ಮಾರಾಯಾ!"

"ಹೆಜ್ಜಿ ಆರ್ಯಾವ್ರಿ. ನಮ್ಮ ಹಾಡು ಏನೈತಿ? ಒಳಗ ಬಂದವರು ಇಬ್ಬರು ಅಂತೈತಿ. ನಾ ಒಬ್ಬನ ಬಂದೀನಿ. ಇನ್ನೊಬ್ಬ ಬರೂತನಕ ಹಾಡು ಮುಗಿಯಂಗಿಲ್ಲ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ನಮ್ಮ ಕಡೆ ಭಜನೆಯಲ್ಲಿ ಒಬ್ಬ ಹಾಡು ಇಟ್ಟರೆ ಎದುರಿನವನು ಅದರ ಅರ್ಥ ಬಿಡಿಸಬೇಕು. ಬಿಡಿಸಲಾರದವನು ಏಕತಾರಿ ಕೆಳಗಿಟ್ಟು ಸೋತೆ ಅನ್ನಬೇಕು, ಆಮೇಲೆ ಗೆದ್ದವನ ಮಾತು ಮೀರುವ ಹಾಗಿಲ್ಲ. ಹಾಡಿನ ಮಾತು ಅಂದರೆ ಆಣೆಯ ಮಾತಿದ್ದ ಹಾಗೆ. ದೊಡ್ಡವರು ಗಡ್ಡ ಕೆರೆದುಕೊಂಡು, "ಹಂಗಾದ್ರ ಅರ್ಥನ ಬಿಡಸೂಣು. ಸೋತ್ರ ಒಪ್ಪತೀಯೇನು?" ಅಂದರು.

"ಒಪ್ಪತೀನ್ರಿ."

"ಮತ್ಯಾಕ ತಡ? ಬಿ.ಎ. ಸಾಹೇಬ್ರು ಬಂದಾರಲ್ಲ," ಅಂದ ಒಬ್ಬ ಹಿಂದಿನಿಂದ. "ಹೈದ್ರಾಬಾದದಾಗ ಅರ್ಥಾನ ತೂಕ ಮಾಡಿ ಕೊಡ್ತಾರಂತ. ಕೇಳ್ರಿ."

ನಾನು ಎದ್ದು ನಿಂತೆ. ಪುಸ್ತಕ ಓದಿದವನು ಹಿಂಜರಿಯಬಾರದು ಎಂಬ ಹಟ ನನಗೆ ಆಗಲೂ ಇತ್ತು. ಹೇಳಿದೆ: ಹಾಡಿನಲ್ಲಿ ಮಗ ತೀರಿಕೊಂಡಿದ್ದಾನೆ. ಅದಕ್ಕೇ ಹೆಜ್ಜೆ ಒಂದೇ ಸಾಲು. ಅಪ್ಪ ತಾನೇ ಪ್ರಶ್ನೆ ಕೇಳಿ ತಾನೇ ಮಗನ ದನಿಯಲ್ಲಿ ಉತ್ತರ ಹೇಳಿಕೊಳ್ಳುತ್ತ ಬರುತ್ತಿದ್ದಾನೆ. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲವೆಂದು ಗೊತ್ತಾಗುತ್ತದೆ, ಅದಕ್ಕೆ ತಿರುಗುವುದಿಲ್ಲ. ಒಳಗೆ ಬಂದ ಎರಡನೆಯವನು ಅವನ ನೆನಪು.

ಹೇಳುವಾಗ ಅಪ್ಪನ ಕಡೆ ನೋಡಲಿಲ್ಲ. ಅಪ್ಪನೇ ನನ್ನ ಕಡೆ ನೋಡಿ, "ಮಗ ಸತ್ತಾನಂತ ಎಲ್ಲೈತೋ ತಮ್ಮಾ ಹಾಡಿನಾಗ? ಆ ಸಾಲು ತೋರ್ಸು," ಅಂದ.

ಅಂಥ ಸಾಲು ಇರಲಿಲ್ಲ. ನಾನು ಕೂತೆ.

"ಇಷ್ಟಕ್ಕ ಅಷ್ಟು ದೂರ ಹೋಗಬೇಕಿತ್ತೇನು?" ಎಂದು ಹಿಂದಿನವನು ಮತ್ತೆ ಅಂದ.

ಆಗ ಊರಿನ ಭಜನೆಯ ಮುಂದಾಳು, ವಯಸ್ಸಾದವರು, ಕಣ್ಣು ಮುಚ್ಚಿಕೊಂಡೇ ಮಾತಾಡಿದರು. "ಹುಡುಗ ಅರ್ಧಾ ಹೇಳ್ಯಾನ. ಹೆಜ್ಜಿ ಒಂದೇ ಸಾಲಂದ್ರ ಒಬ್ಬಗ ಕಾಲಿಲ್ಲ, ಅದು ಬರೋಬ್ಬರಿ. ಆದ್ರ ಯಾರಿಗೆ? ಹಾಡು ಏನಂತೈತಿ, ಅಪ್ಪ ಮುಂದ ನಡದಾನ. ಮುಂದ ಹೋದಾಂವ ಅಂದ್ರ ಯಾರು? ನಾವು ಸತ್ತವರಿಗೆ ಏನಂತೀವಿ? ಮುಂದ ಹೋದ ಅಂತೀವಿ. ಸತ್ತಾಂವ ಅಪ್ಪ. ಮಗ ಜೀವಂತ ಅದಾನ, ಅಪ್ಪ ಮುಂದ ಅದಾನಂತ ತಿಳಕೊಂಡು ಹಿಂದ ಬರಾಕತ್ಯಾನ. ಸತ್ತಾಂವಗ ತಾ ಸತ್ತದ್ದು ಗೊತ್ತಿರಂಗಿಲ್ಲ."

ಗಾಳಿ ಇರಲಿಲ್ಲ. ಕಟ್ಟೆಯ ಮೇಲಿದ್ದವರ ಕಣ್ಣು ಒಬ್ಬೊಬ್ಬರದಾಗಿ ಅಪ್ಪನ ಕಾಲಿನ ಮೇಲೆ ಬಿತ್ತು. ಅಪ್ಪನೂ ತನ್ನ ಕಾಲು ನೋಡಿಕೊಂಡ. ತಮಾಷೆ ಮಾಡುತ್ತಿದ್ದವನೇ ದನಿ ಸಣ್ಣ ಮಾಡಿ, "ಹೊಳ್ಯಾಗಿಂದ ಎದ್ದು ಬಂದಾಂವ ನೀನ ಹೌದಲ್ಲೋ ಕಾಕಾ?" ಅಂದ. ನಗಲು ಹೋಗಿ ನಿಲ್ಲಿಸಿದ. ಖರೆ ಹೇಳುತ್ತೇನೆ, ಆ ಗಳಿಗೆ ನಾನೂ ಅಪ್ಪನ ನೆರಳು ಕಟ್ಟೆಯ ಮೇಲೆ ಬಿದ್ದಿದೆಯೋ ಇಲ್ಲವೋ ಎಂದು ಹುಡುಕಿದೆ. ಬಿದ್ದಿತ್ತು, ಉದ್ದಕ್ಕೆ, ಹೊಸ್ತಿಲಿನವರೆಗೆ.

ಆ ನೆರಳಿನ ತುದಿಯಲ್ಲಿ ಅತ್ತಿಗಿ ಬಂದು ನಿಂತಳು. ಹಿರಿಯರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು.

"ಎಲ್ಲಾರೂ ಗಂಡಸರ ಕಾಲ ನೋಡಾಕತ್ತೀರಿ. ಚರಿಗಿ ಹಿಡದಾಕಿನ್ನ ಯಾರೂ ಕೇಳಲಿಲ್ರಿ."

"ಏನಂತ ಕೇಳಬೇಕವಾ?" ಅಂದರು ದೊಡ್ಡವರು.

"ಮನಿಯಿಂದ ಇಬ್ಬರು ಹೋಗ್ಯಾರ. ಬರೂ ಹೊತ್ತಿಗೆ ಆಕಿ ಕಾಲಿಗೆ ನೀರು ಒಂದೇ ಚರಿಗಿ ಯಾಕ ತಂದ್ಲು? ಯಾರೂ ಬಂದು ಹೇಳಿಲ್ಲ. ಅವರು ಹಳ್ಳಾ ದಾಟಿಲ್ಲ. ಆದ್ರೂ ಆಕಿಗೆ ಗೊತ್ತಾಗೈತಿ." ಅಪ್ಪನ ಕಡೆ ತಿರುಗಿದಳು. "ಮಾವಾ, ನೀವು ಹೊಳಿಯಿಂದ ಬಂದ ದಿನಾ, ಸುದ್ದಿ ಮುಟ್ಟೂಕಿಂತ ಮೊದಲ, ನಾನೂ ಒಂದೇ ಚರಿಗಿ ತಂದಿದ್ದೆ. ನಿಮಗ ನೆನಪೈತೇನ್ರಿ?"

ನನಗೆ ತಿಳಿಯಿತು. ದಿನಾಲೂ ಇಬ್ಬರು ಕಪಲಿಯಿಂದ ಬರುವ ಹೊತ್ತಿಗೆ ಅವಳು ಎರಡು ಚರಿಗಿ ತುಂಬಿ ಬಾಗಿಲ ಎಡಬಲಕ್ಕೆ ಇಡುತ್ತಿದ್ದಳು. ಮಾವನದು ತಾಮ್ರದ್ದು, ಗಂಡನದು ಹಿತ್ತಾಳೆಯದು. ಅದು ತಪ್ಪಿದ ದಿನ ಇರಲಿಲ್ಲ.

ಅಪ್ಪ ಬಾಗಿಲ ಎಡಬಲ ನೋಡಿದ. ಆಮೇಲೆ ಅಂದ, "ನೆನಪೈತಿ. ಹಿತ್ತಾಳಿದು ಇರಲಿಲ್ಲ. ಹಳ್ಳದ ಆ ಕಡೆಯಿಂದನ ನೋಡಿದ್ದೆ. ನೋಡೇ ಇಲ್ಲ ಅಂತ ಕಾಲು ತೊಳಕೊಂಡು ಒಳಗ ಬಂದೆ."

"ನನ್ನ ಕೈ ಹಿತ್ತಾಳಿ ಚರಿಗಿ ಕಡೆ ಹೋಗಲಿಲ್ರಿ ಮಾವಾ. ಎಷ್ಟು ಅಂದ್ರೂ ಹೋಗಲಿಲ್ಲ," ಅಂದು ಅವಳು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಅಪ್ಪ ಸೋತೆ ಅನ್ನಲಿಲ್ಲ, ಆದರೆ ತಲೆಯ ರುಮಾಲು ತೆಗೆದು ಕಟ್ಟೆಯ ಮೇಲಿಟ್ಟ. ಏಕತಾರಿ ಇಟ್ಟ ಹಾಗೇ ಅದು. "ಮಣ್ಣು ಮಾಡ್ರಿ," ಅಂದ. "ಬೂದಿನೂ ಹಾಕ್ರಿ. ಅಂವ ಹೋದದ್ದು ಖರೆ ಅಂದ್ರ ಬೂದ್ಯಾಗ ಹೆಜ್ಜಿ ಮೂಡಿಸಿ ಹೋಗ್ತಾನ. ಮೂಡಲಿಲ್ಲಾ, ಹುಡಿಗಿ ಇಲ್ಲೇ ಇರ್ತಾಳ. ಆಮ್ಯಾಲ ಯಾರೂ ಬಂದು ಕೇಳಬಾರದು."

ಸತ್ತವರು ಮಲಗುತ್ತಿದ್ದ ಜಾಗದಲ್ಲಿ ಸಣ್ಣಗೆ ಜರಡಿ ಹಿಡಿದ ಬೂದಿ ಹರವಿ, ಮೇಲೆ ಬುಟ್ಟಿ ಕವುಚಿ, ಮರುದಿನ ನಸುಕಿನಲ್ಲಿ ತೆಗೆದು ನೋಡುವುದು ನಮ್ಮಲ್ಲಿ ರೂಢಿ. ಹಕ್ಕಿಯ ಕಾಲು, ದನದ ಗೊರಸು, ಮನುಷ್ಯನ ಪಾದ, ಏನು ಮೂಡಿತೋ ಅದನ್ನು ನೋಡಿ ಹೋದವರ ಗತಿ ಓದುತ್ತಾರೆ. ಹೆಣವೇ ಇಲ್ಲದವನಿಗೆ ಬೂದಿ ಹಾಕಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಜೋಳದ ದಂಟಿನಲ್ಲಿ ಆಳುದ್ದದ ಗೊಂಬೆ ಕಟ್ಟಿ, ಅಣ್ಣನ ಅಂಗಿ ತೊಡಿಸಿ, ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದೆವು. ಗೊಂಬೆ ಹಗುರಾಗಿತ್ತು. ಆದರೂ ಹೊತ್ತ ನಾಲ್ವರೂ ಯಾಕೋ ಬೆವೆತಿದ್ದರು. ಸಂಜೆ ಪಡಸಾಲೆಯ ಮೂಲೆಯಲ್ಲಿ ಅವ್ವ ಬೂದಿ ಹರವಿದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಬೂದಿಯಲ್ಲಿ ಏನೂ ಮೂಡುವುದಿಲ್ಲ, ಮೂಡಲು ಕಾರಣವೇ ಇಲ್ಲ, ಅತ್ತಿಗಿಯ ಬಾಳು ಮುಗಿಯಿತು. ಓದಿದ್ದು ಅಷ್ಟನ್ನು ಮಾತ್ರ ಹೇಳುತ್ತಿತ್ತು.

ಬೆಳಗಾಯಿತು. ದೊಡ್ಡವರು ಬಂದು ಬುಟ್ಟಿ ಎತ್ತಿದರು. ಬೂದಿಯ ನಡುವೆ ಒಂದು ಪಾದ ಮೂಡಿತ್ತು. ಮನುಷ್ಯನ ಎಡಗಾಲು, ಬಾಗಿಲ ಕಡೆಗೆ ಮುಖ ಮಾಡಿದ್ದು. ಐದೂ ಬೆರಳು ಚೊಕ್ಕಾಗಿ ಬಿದ್ದಿದ್ದವು. ಅವ್ವ ಗೋಡೆ ಹಿಡಿದು ಕೂತಳು.

ಅಪ್ಪ ಬಗ್ಗಿ ನೋಡಿ, "ಅವಂದ," ಅಂದ. "ಹೋಗ್ಯಾನ. ಕನಕಗಿರಿಯವರಿಗೆ ಹೇಳಿ ಕಳಸ್ರಿ."

ಮಂದಿ ಮಾತಾಡಿಕೊಳ್ಳುತ್ತ ಚದುರಿದರು. ಅಪ್ಪ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ನಿಂತ. ಅತ್ತಿಗಿ ಒಂದು ಚರಿಗಿ ನೀರು ತಂದು ಅವನ ಕಾಲಿಗೆ ಸುರಿದಳು. ನಾನು ಬಾಗಿಲಲ್ಲಿದ್ದೆ. ಎಡಗಾಲಿನಿಂದ ಇಳಿದ ನೀರು ಬೂದುಬಣ್ಣದ್ದಾಗಿತ್ತು. ಅವಳು ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು. ನೀರು ನಿಲ್ಲಿಸಲಿಲ್ಲ. ಕಲ್ಲು ತೊಳೆದು ಹೋಗುವವರೆಗೆ ಸುರಿದು, ಚರಿಗಿ ಕೆಳಗಿಟ್ಟು, ಅವನ ಪಾದಕ್ಕೆ ಹಣೆ ಹಚ್ಚಿದಳು.

"ಏಳವಾ," ಅಂದ ಅಪ್ಪ. "ಆ ಮನ್ಯಾಗ ಎಷ್ಟು ಮಂದಿ ಅದಾರೋ ಅಷ್ಟು ಚರಿಗಿ ಇಡು."

ಅವಳು ಹೋದಳು, ಬಾಳಿದಳು. ಅವಳ ಮಕ್ಕಳಿಗೆ ಸಾಲಿ ಕಲಿಸಿದವನು ನಾನೇ. ಇದನ್ನೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಆ ಕಿರುಬೆರಳಿನ ವಿಷಯ ನನಗೆ ಬಿಡಿಸಲು ಬರುತ್ತದೆ. ನಾಲ್ಕು ಬೆರಳಿನ ಪಾದ ಒತ್ತಿ, ಬಗ್ಗಿ, ಇಲ್ಲದ ಬೆರಳನ್ನು ಕೈಬೆರಳಿನಿಂದ ಮೂಡಿಸಿರಬೇಕು. ಮಗನನ್ನು ಸಾಯಿಸಲು ಅಪ್ಪ ಅಷ್ಟು ಜೋಪಾನ ಮಾಡಿದ್ದ. ಬಲಗಾಲು ಇಟ್ಟಿದ್ದರೆ ಸುಲಭವಿತ್ತಲ್ಲ, ಯಾಕೆ ಎಡಗಾಲನ್ನೇ ಇಟ್ಟ ಎಂದು ಅನೇಕ ಸಲ ಯೋಚಿಸಿದ್ದೇನೆ. ಹಾಸುಗಲ್ಲಿನ ಮೇಲೆ ಅವನು ಕೊನೆಗೆ ಆರಿದ್ದು ಕಂಡ ಹೆಜ್ಜೆ ಎಡಗಾಲಿನದೇ ಇತ್ತೋ ಏನೋ. ಮತ್ತೆ ಆ ಕಲ್ಲಿನ ಮೇಲಿನ ಒದ್ದೆ ಕಿರುಬೆರಳನ್ನು ಮೂಡಿಸಿದವರು ಯಾರು? ಅದಕ್ಕೆ ನನ್ನ ಬಿ.ಎ. ಉತ್ತರ ಕೊಟ್ಟಿಲ್ಲ.

ಒಮ್ಮೆ ಮಧ್ಯಾಹ್ನ ಬಾವಿಯ ಹತ್ತಿರ ಕೇಳಿಯೇಬಿಟ್ಟೆ. "ಯಪ್ಪಾ, ಬೂದ್ಯಾಗಿನ ಹೆಜ್ಜಿ ಇರಲಿ, ನನಗ ಗೊತ್ತೈತಿ. ಕಲ್ಲಮ್ಯಾಲಿಂದು ಯಾರ್ದು?"

ಅಪ್ಪ ಹಗ್ಗದ ಮೇಲೆ ಕುಂತಿದ್ದ. "ಅಷ್ಟು ಓದೀದಿ," ಅಂದ, "ಹಾಡಿನಾಗ ಐತಲ್ಲೋ. ಕೇಳಬ್ಯಾಡ ಅಂತ."

ಆಮೇಲೆ ತನ್ನ ಸಾಲು ಹಾಡಿದ. ಈ ಸಲ ತಡೆಯಲಿಲ್ಲ, ಅಣ್ಣನ ಸಾಲನ್ನೂ ತಾನೇ, ಅಣ್ಣನದೇ ದನಿಯಲ್ಲಿ ಹಾಡಿದ. ಎತ್ತುಗಳು ಕಿವಿ ನಿಮಿರಿಸಿ ಬಾವಿಯ ಕಡೆ ಒಮ್ಮೆ ನೋಡಿ, ಹಿಂದು ಹಿಂದಕ್ಕೆ ನಡೆದವು.